ಮುಂಬೈಯಲ್ಲಿ ಇಳಿದ ಬಡ್ಡಿ ಗಂಜ್ ಮುಟ್ಟುವಷ್ಟರಲ್ಲಿ

2025ರ ಡಿಸೆಂಬರ್ 5, ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಟಿವಿಯಲ್ಲಿ ಮಾತು ಶುರು ಮಾಡಿದರು. ಹತ್ತೂಕಾಲಿಗೆಲ್ಲ ನನ್ನ ಫೋನ್ ಹೊಡೆದುಕೊಂಡಿತು. ಕಲಬುರಗಿಯ ಕಪನೂರಿನಲ್ಲಿ ದಾಲ್ ಮಿಲ್ ಇಟ್ಟಿರುವ ನಮ್ಮ ಹಳೇ ಪಾರ್ಟಿ.

"ಆಡಿಟರ್ ಸಾಹೇಬ್ರ, ಕಾಲು ಪರ್ಸೆಂಟ್ ಇಳಿಸ್ಯಾರಂತಲ್ರಿ. ನಮ್ಮ ಸಿಸಿಗೆ ಯಾವಾಗ ಬರ್ತದ?" ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ದುಡ್ಡು ಬಂದಾಗ ಕಟ್ಟುವ ಬ್ಯಾಂಕಿನ ವ್ಯಾಪಾರ ಸಾಲ.

ಮಧ್ಯಾಹ್ನ ಒಬ್ಬ ಟೀಚರ್ ಮೇಡಂ ಗೃಹಸಾಲದ ಸ್ಟೇಟ್‌ಮೆಂಟ್ ಹಿಡಿದು ಬಂದರು. ಅವರದೂ ಅದೇ ಪ್ರಶ್ನೆ. ಸಂಜೆ ನಮ್ಮೂರಿನ ಕಾಳುಕಡಿ ಮಾರುಕಟ್ಟೆ ನೆಹರು ಗಂಜ್‌ನಲ್ಲಿ, ರೈತರ ಮಾಲು ಕಮಿಷನ್ ಮೇಲೆ ಮಾರಿಕೊಡುವ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ನೋಡುತ್ತಾ ಕೂತಿದ್ದೆ. ಆಳಂದ ಕಡೆಯ ರೈತರೊಬ್ಬರು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು. ಮಾತಿಗೆ ಮಾತು ಬಂದು, ಇವತ್ತು ಬಡ್ಡಿ ಇಳಿದಿದೆ ಎಂದೆ. ಅವರು ತಲೆ ಎತ್ತಿ ಕೇಳಿದರು: "ಯಾರಿಗಿ ಇಳೀತ್ರಿ?"

ಇಪ್ಪತ್ತು ವರ್ಷದಿಂದ ಈ ಊರಲ್ಲಿ ಲೆಕ್ಕಪತ್ರ ನೋಡುತ್ತಿದ್ದೇನೆ. ರೆಪೊ ದರದ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮೊದಲು ರೆಪೊ ಅಂದರೆ ಏನು ಅಂತ ನೋಡಿಬಿಡೋಣ. ಗಂಜ್‌ನಲ್ಲಿ ಸಂಜೆ ಗಲ್ಲಾದಲ್ಲಿ ದುಡ್ಡು ಕಡಿಮೆ ಬಿದ್ದರೆ ಪಕ್ಕದ ಅಂಗಡಿಯಿಂದ ಕೈಗಡ ತರುತ್ತಾರೆ, ನಾಳೆ ವಾಪಸ್ ಕೊಡುತ್ತಾರೆ. ಬ್ಯಾಂಕುಗಳಿಗೂ ಹೀಗೆ ದುಡ್ಡು ಕಡಿಮೆ ಬೀಳುತ್ತದೆ. ಆಗ ಅವು ಸರ್ಕಾರಿ ಬಾಂಡ್ ಒತ್ತೆ ಇಟ್ಟು ರಿಸರ್ವ್ ಬ್ಯಾಂಕಿನಿಂದ ಸಾಲ ತರುತ್ತವೆ. ಆ ಸಾಲದ ಬಡ್ಡಿಯೇ ರೆಪೊ. ಅದನ್ನು ಎಷ್ಟಿಡಬೇಕು ಎಂದು ಆರು ಜನರ ಹಣಕಾಸು ನೀತಿ ಸಮಿತಿ ಸುಮಾರು ಎರಡು ತಿಂಗಳಿಗೊಮ್ಮೆ ಕೂತು ತೀರ್ಮಾನಿಸುತ್ತದೆ. 2016ರಿಂದ ಈ ಪದ್ಧತಿ ಇದೆ. ಹಣದುಬ್ಬರವನ್ನು ಶೇ. 4ರ ಸುತ್ತ ಇಡಬೇಕು, ಎರಡು ಹೆಚ್ಚು ಎರಡು ಕಡಿಮೆ ನಡೆಯುತ್ತದೆ ಎಂಬುದು ಅದಕ್ಕೆ ಕೊಟ್ಟಿರುವ ಕೆಲಸ.

ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ ರೆಪೊ ಶೇ. 4ಕ್ಕೆ ಇಳಿದು ಎರಡು ವರ್ಷ ಅಲ್ಲೇ ನಿಂತಿತ್ತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ಕಚ್ಚಾ ತೈಲ ಏರಿತು, ಸೂರ್ಯಕಾಂತಿ ಎಣ್ಣೆ ಏರಿತು. ಆ ಏಪ್ರಿಲ್‌ನಲ್ಲಿ ಹಣದುಬ್ಬರ ಶೇ. 7.79. ಮುಂದಿನ ಸಭೆಯವರೆಗೂ ಕಾಯದೆ ಮೇ 4ಕ್ಕೇ ರೆಪೊ ಏರಿಸಿದರು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ 2023ರ ಫೆಬ್ರವರಿಗೆ ಶೇ. 6.50. ಎರಡು ವರ್ಷ ಅದು ಕದಲಲಿಲ್ಲ. 2025ರ ಫೆಬ್ರವರಿಯಿಂದ ಇಳಿಯಲು ಶುರುವಾಗಿ ಡಿಸೆಂಬರ್‌ಗೆ ಶೇ. 5.25ಕ್ಕೆ ಬಂತು.

ಹತ್ತು ತಿಂಗಳೂ ಅಲ್ಲ, ಒಂಬತ್ತು ತಿಂಗಳಲ್ಲಿ ಎರಡೂವರೆ ಪರ್ಸೆಂಟ್ ಏರಿದ್ದು ಮನೆಯಲ್ಲಿ ಹೇಗೆ ಕಾಣುತ್ತದೆ? ಟೀಚರ್ ಮೇಡಂ ಸ್ಟೇಟ್‌ಮೆಂಟ್ ತೆಗೆಯೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

2021ರ ಸೆಪ್ಟೆಂಬರ್‌ನಲ್ಲಿ 20 ಲಕ್ಷ ಸಾಲ ತೆಗೆದರು. ಬಡ್ಡಿ ಶೇ. 6.9, ಅವಧಿ 20 ವರ್ಷ. ತಿಂಗಳ ಕಂತು 15,386 ರೂಪಾಯಿ. ಆಗ ಅವರ ವಯಸ್ಸು ನಲವತ್ತು. ರಿಟೈರ್ ಆಗುವ ಹೊತ್ತಿಗೆ ಸಾಲ ತೀರುತ್ತದೆ ಎಂಬುದು ಅವರ ಲೆಕ್ಕ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಗೃಹಸಾಲವನ್ನು ರೆಪೊದಂತಹ ಹೊರಗಿನ ದರಕ್ಕೆ ಕಟ್ಟಲೇಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರ ಬದಲಿಸಬೇಕು. ಹಾಗಾಗಿ ರೆಪೊ ಏರಿದ ಹಾಗೆಲ್ಲ ಅವರ ಬಡ್ಡಿಯೂ ಏರಿತು. 2023ರ ಮಾರ್ಚ್‌ಗೆ ಶೇ. 9.4 ಆಯಿತು. ಕಂತು ಮಾತ್ರ ಅದೇ 15,386. ಬ್ಯಾಂಕಿನವರು ಕಂತು ಏರಿಸದೆ ಸುಮ್ನೆ ಅವಧಿ ಉದ್ದ ಮಾಡಿದ್ದರು. ಕಂತು ಏರಿಲ್ಲ ಎಂದು ಮೇಡಂ ಕೂಡ ನಿಶ್ಚಿಂತೆಯಿಂದ ಇದ್ದರು.

ಬಾಕಿ ಅಸಲು 19.5 ಲಕ್ಷ. ಶೇ. 9.4ರ ಪ್ರಕಾರ ಒಂದು ತಿಂಗಳ ಬಡ್ಡಿ 15,275 ರೂಪಾಯಿ. 15,386ರಲ್ಲಿ ಅದನ್ನು ಕಳೆಯಿರಿ. ಅಸಲಿಗೆ ಹೋಗುವುದು 111 ರೂಪಾಯಿ.

2023ರಲ್ಲಿ ಆ 111ಕ್ಕೆ ಪೆನ್ನಿನಿಂದ ಸುತ್ತು ಹಾಕಿ ತೋರಿಸಿದಾಗ ಅವರು ಐದು ನಿಮಿಷ ಮಾತಾಡಲಿಲ್ಲ. ಹೀಗೇ ಬಿಟ್ಟರೆ ಸಾಲ ತೀರಲು ಇನ್ನೂ ಐವತ್ತು ವರ್ಷದ ಮೇಲೆ ಬೇಕಿತ್ತು. ಮೊದಲಿನ ಅವಧಿಗೇ ಮುಗಿಸಬೇಕೆಂದರೆ ಕಂತು 18,558 ಆಗಬೇಕು, ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ಜಾಸ್ತಿ. ಅರ್ಜಿ ಬರೆದು ಹಾಗೇ ಮಾಡಿಸಿದೆವು. ಇಂಥ ಎಷ್ಟೋ ಪ್ರಕರಣಗಳು ಬಂದ ಮೇಲೆ, ಆ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಲೇಬೇಕು ಎಂಬುದು ಅದರ ತಿರುಳು.

2025ರಲ್ಲಿ ದರ ಇಳಿಯಿತು. ಅವರ ಬಡ್ಡಿ ಶೇ. 8.15ಕ್ಕೆ ಬರುತ್ತದೆ. ಇಳಿದರೂ ಸಾಲ ತಗೊಂಡಾಗಿನದಕ್ಕಿಂತ ಒಂದೂಕಾಲು ಜಾಸ್ತಿಯೇ. "ಕಂತು ಕಡಿಮೆ ಮಾಡಿಸ್ಲೇನ್ರಿ?" ಎಂದು ಕೇಳಿದರು. ಬೇಡ ಎಂದೆ. ಅದೇ 18,558 ಕಟ್ಟುತ್ತಾ ಹೋದರೆ, ದರ ಮತ್ತೆ ಏರದಿದ್ದರೆ, ಸಾಲ ಎರಡು ವರ್ಷ ಮೊದಲೇ ಮುಗಿಯುತ್ತದೆ.

ಮಿಲ್‌ನವರ ಕಥೆ ಬೇರೆ. ಅವರದು ಎರಡು ಕೋಟಿಯ ಸಿಸಿ ಲಿಮಿಟ್. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅದು ಪೂರ್ತಿ ತೊಗರಿಯಲ್ಲಿ ಕೂತಿರುತ್ತದೆ. ಐದು ತಿಂಗಳಿಗೆ ಎರಡೂವರೆ ಪರ್ಸೆಂಟ್ ವ್ಯತ್ಯಾಸ ಅಂದರೆ ಎರಡು ಲಕ್ಷದ ಮೇಲೆ ಚಿಲ್ಲರೆ. ದೊಡ್ಡ ಮೊತ್ತವೇ, ಅಲ್ವಾ? ಆದರೆ ಹತ್ತು ಸಾವಿರದ ಭಾವದಲ್ಲಿ ಎರಡು ಕೋಟಿಗೆ ಎರಡು ಸಾವಿರ ಕ್ವಿಂಟಲ್ ಬರುತ್ತದೆ. ಕ್ವಿಂಟಲ್‌ಗೆ 500 ರೂಪಾಯಿ ಭಾವ ಆಚೀಚೆಯಾದರೆ ಹತ್ತು ಲಕ್ಷ. ಗಂಜ್‌ನಲ್ಲಿ 500 ರೂಪಾಯಿ ಏರಿಳಿಯಲು ವಾರ ಸಾಕು. ಹಾಗಾಗಿ ರೆಪೊ ದಿನ ಫೋನ್ ಮಾಡುವ ಅದೇ ಮನುಷ್ಯ ಉಳಿದ ದಿನವೆಲ್ಲ ವಿಚಾರಿಸುವುದು ಬರ್ಮಾದ ತೊಗರಿ ಎಷ್ಟು ಬಂತು, ಆಫ್ರಿಕಾದ ಹಡಗು ಎಲ್ಲಿದೆ ಎಂದು.

ಠೇವಣಿ ಇಟ್ಟವರ ಬಗ್ಗೆ ಒಂದೇ ಮಾತು. ಬಡ್ಡಿ ಇಳಿದಾಗಲೆಲ್ಲ ನಮ್ಮ ಪಿಂಚಣಿದಾರರು ಮುಖ ಸಣ್ಣದು ಮಾಡುತ್ತಾರೆ. ಆದರೆ ಅವರಿಗೆ ನಿಜವಾಗಿ ನಷ್ಟವಾದದ್ದು 2020-21ರಲ್ಲಿ. ಆಗ ಎಫ್‌ಡಿ ಬಡ್ಡಿ ಐದೂವರೆಯ ಆಸುಪಾಸು, ಹಣದುಬ್ಬರ ಆರರ ಮೇಲೆ. ಬಡ್ಡಿ ಬಂದರೂ ದುಡ್ಡು ಸವೆಯುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಇದು ಕಾಣುವುದಿಲ್ಲ, ಸಂತೆಯಲ್ಲಿ ಕಾಣುತ್ತದೆ.

ಇನ್ನು ತೊಗರಿಗೆ ಬರೋಣ, ಹಣದುಬ್ಬರದ ಗಂಟು ಇರುವುದು ಅಲ್ಲೇ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು. ನಿಂತ ಗಿಡ ಕಾಯಿ ಕಟ್ಟುವ ಹೊತ್ತಿಗೆ ಒಣಗಿತು. 2023ರಲ್ಲಿ ಬರ. ಬೇಳೆ ಕಿಲೋಗೆ 150 ದಾಟಿತು. 2012ನ್ನು ಆಧಾರ ಮಾಡಿಕೊಂಡಿದ್ದ ಆಗಿನ ಬೆಲೆ ಸೂಚ್ಯಂಕದಲ್ಲಿ ಆಹಾರದ ಪಾಲು ಶೇ. 46ರ ಹತ್ತಿರ ಇತ್ತು. ತಿನ್ನುವುದು ತುಟ್ಟಿಯಾದರೆ ಸೂಚ್ಯಂಕ ಏರಲೇಬೇಕು.

ಬಡ್ಡಿ ಏರಿಸಿದರೆ ತೊಗರಿ ಬೆಳೆಯುತ್ತದಾ? ಇಲ್ಲ. ಮಳೆ ಬರುತ್ತದಾ? ಅದೂ ಇಲ್ಲ. ಹಾಗಾದರೆ ಏರಿಸುವುದೇಕೆ ಎಂದು ಯಾರಾದರೂ ಕೇಳಿದರೆ ನಮ್ಮ ಆಫೀಸಿನ ಕೆಳಗಿನ ಖಾನಾವಳಿ ತೋರಿಸುತ್ತೇನೆ. ಬೇಳೆ ತುಟ್ಟಿಯಾದಾಗ ಅಲ್ಲಿ ಜೋಳದ ರೊಟ್ಟಿ ಊಟ 80ರಿಂದ 100 ಆಯಿತು. ಅಲ್ಲಿ ಉಣ್ಣುವ ಆಟೋದವರು ಬಸ್ ಸ್ಟ್ಯಾಂಡ್‌ನಿಂದ ಸೂಪರ್ ಮಾರ್ಕೆಟ್‌ಗೆ ಹತ್ತು ರೂಪಾಯಿ ಜಾಸ್ತಿ ಕೇಳತೊಡಗಿದರು. ನಮ್ಮ ಆಫೀಸ್ ಹುಡುಗ ಪಗಾರ ಹೆಚ್ಚಿಸಿ ಅಂದ. ನಾನು ಪಾರ್ಟಿಗಳಿಗೆ ಫೀ ಏರಿಸಿದೆ. ಆಮೇಲೆ ಬೇಳೆ ಇಳಿಯಿತು. ಊಟ ಇಳಿಯಲಿಲ್ಲ, ಆಟೋ ಇಳಿಯಲಿಲ್ಲ, ಪಗಾರ ಇಳಿಯಲಿಲ್ಲ. ನನ್ನ ಫೀ ಕೂಡ ಇಳಿಯಲಿಲ್ಲ ಅನ್ನಿ.

ರಿಸರ್ವ್ ಬ್ಯಾಂಕಿಗೆ ಇರುವ ಭಯ ಈ ಎರಡನೇ ಸುತ್ತಿನದು. ಸಾಲ ತುಟ್ಟಿಯಾದರೆ ಮನೆ ಕಟ್ಟುವುದು, ಗಾಡಿ ಕೊಳ್ಳುವುದು, ಅಂಗಡಿ ದೊಡ್ಡದು ಮಾಡುವುದು ಮುಂದಕ್ಕೆ ಹೋಗುತ್ತದೆ. ಗಿರಾಕಿ ಕಡಿಮೆಯಾದಾಗ ರೇಟು ಏರಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಕೆಲಸವೂ ಕಡಿಮೆಯಾಗುತ್ತದೆ, ಅದು ಈ ಮದ್ದಿನ ಕಹಿ. ಗೌಂಡಿಗಳಿಗೆ ವಾರಕ್ಕೆ ಆರು ದಿನದ ಬದಲು ನಾಲ್ಕು ದಿನ ಕೆಲಸ ಸಿಕ್ಕರೆ ಅದನ್ನು ರಿಸರ್ವ್ ಬ್ಯಾಂಕ್ ಮಾಡಿತು ಎಂದು ಅವರಿಗೆ ಗೊತ್ತಾಗುವುದೇ ಇಲ್ಲ.

ಮೊದಲ ಸುತ್ತಿನ ಬೆಂಕಿ ಆರಿಸಿದ್ದು ಸರ್ಕಾರ, ಬೇರೆ ದಾರಿಯಿಂದ. ತೊಗರಿಗೆ ಆಮದು ಸುಂಕ ತೆಗೆದಿತ್ತು. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಗೂ ತೆಗೆಯಿತು. 2024ರ ಜೂನ್‌ನಲ್ಲಿ ತೊಗರಿ, ಕಡಲೆ ದಾಸ್ತಾನಿಗೆ ಮಿತಿ ಹಾಕಿತು. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಮಾಲು ಬಂತು. ಆ ವರ್ಷ ನಮ್ಮಲ್ಲೂ ಮಳೆ ಆಯಿತು. 2025ರ ಜನವರಿಗೆ ಗಂಜ್‌ನಲ್ಲಿ ಭಾವ 7,550ರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ರಾಜ್ಯ ಸರ್ಕಾರ 450 ಸೇರಿಸಿ 8,000 ಕೊಡುತ್ತೇವೆ ಎಂದಿತು, ಅದು ಖರೀದಿ ಕೇಂದ್ರದಲ್ಲಿ ಮಾರುವವರಿಗೆ.

2025ರ ಅಕ್ಟೋಬರ್‌ನಲ್ಲಿ ದೇಶದ ಹಣದುಬ್ಬರ ಶೇ. 0.25. ಆ ಸರಣಿಯಲ್ಲೇ ಅತಿ ಕಡಿಮೆ. ತರಕಾರಿ ಅಗ್ಗವಾಗಿತ್ತು, ಜಿಎಸ್‌ಟಿ ಇಳಿದಿತ್ತು. ಬೇಳೆಕಾಳು ಹಿಂದಿನ ವರ್ಷಕ್ಕಿಂತ ಶೇ. 15ಕ್ಕೂ ಹೆಚ್ಚು ಕುಸಿದಿತ್ತು. ಡಿಸೆಂಬರ್ 5ರಂದು ಬಡ್ಡಿ ಇಳಿಸಲು ಧೈರ್ಯ ಬಂದದ್ದು ಇದರಿಂದಲೇ. ಟಿವಿಯವರು ಇದನ್ನು ಸಿಹಿ ಸುದ್ದಿ ಅಂದರು. ಗಂಜ್‌ನಲ್ಲಿ ಕೂತವರಿಗೆ ಅದು ತಮ್ಮ ಚೀಲದ ಭಾವವಾಗಿ ಕೇಳಿಸಿತು.

ಈಗ ಬೆಂಚಿನ ಮೇಲಿದ್ದ ರೈತರ ಲೆಕ್ಕ. ಅಂಗಡಿಯ ಖಾತೆಯಲ್ಲಿ ಅವರ 2025ರ ಜನವರಿಯ ಪಟ್ಟಿ ಇತ್ತು. ಹನ್ನೆರಡು ಕ್ವಿಂಟಲ್, 7,200ರಂತೆ, 86,400 ರೂಪಾಯಿ. ಕೆಳಗೆ ಕಡಿತ: ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆಂದು ಒಯ್ದ 50,000. ಅದಕ್ಕೆ ನೂರಕ್ಕೆ ಎರಡರಂತೆ ಏಳು ತಿಂಗಳ ಬಡ್ಡಿ 7,000. ಹಮಾಲಿ ಗಿಮಾಲಿ ಲೆಕ್ಕಕ್ಕೆ ಹಿಡಿಯದಿದ್ದರೆ ಕೈಗೆ ಬಂದದ್ದು 29,400.

ನೂರಕ್ಕೆ ಎರಡು ಅಂದರೆ ತಿಂಗಳಿಗೆ, ವರ್ಷಕ್ಕೆ ಶೇ. 24. ರೆಪೊ 4 ಇದ್ದಾಗಲೂ ಅಷ್ಟೇ ಇತ್ತು, 6.50 ಆದಾಗಲೂ ಅಷ್ಟೇ. ಅಂಗಡಿಯವರು ತಾವು ಬ್ಯಾಂಕಿನಿಂದ ತಂದ ದುಡ್ಡನ್ನೇ ಕೊಡುತ್ತಾರೆ. ಅವರಿಗೆ ಬಡ್ಡಿ ಇಳಿದರೆ ಆ ಉಳಿತಾಯ ಅಲ್ಲಿಗೇ ನಿಲ್ಲುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟೋ ಖಾತೆಗಳು ಹಾಗೇ ಮುಂದಕ್ಕೆ ಹೋಗುತ್ತವೆ, ಆ ಗಂಡಾಂತರದ ಬೆಲೆಯೂ ಆ ಎರಡರಲ್ಲಿ ಸೇರಿದೆ. ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಗೆ ಬೆಳೆಸಾಲ ಸಿಗುತ್ತದಲ್ಲ ಎನ್ನಬಹುದು. ಅದಕ್ಕೆ ಪಹಣಿ ಹೆಸರಲ್ಲಿರಬೇಕು. ಇವರು ಮಾಡುವುದು ಪಾಲಿನ ಹೊಲ. ಖರೀದಿ ಕೇಂದ್ರಕ್ಕೂ ಪಹಣಿ ಬೇಕು, ದುಡ್ಡು ಬರುವವರೆಗೆ ಕಾಯಬೇಕು. ಸಾಲ ಕೊಟ್ಟ ಅಂಗಡಿಗೇ ಮಾಲು ತರಬೇಕು ಎಂಬ ಬಾಯಿಮಾತಿನ ಕಟ್ಟು ಬೇರೆ.

ಪಟ್ಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಇವರಿಗೆ ಬೆಳೆಸಾಲದ ಶೇ. 7ರ ಬಡ್ಡಿ ಸಿಕ್ಕಿದ್ದರೆ ಸುಮಾರು ಐದು ಸಾವಿರ ಉಳಿಯುತ್ತಿತ್ತು. ಹಿಂದಿನ ವರ್ಷದ ಹಾಗೆ ಹತ್ತು ಸಾವಿರದ ಹತ್ತಿರ ಭಾವ ಇದ್ದಿದ್ದರೆ ಮೂವತ್ತಮೂರು ಸಾವಿರ ಜಾಸ್ತಿ ಬರುತ್ತಿತ್ತು. ಹಣದುಬ್ಬರ ಇಳಿಸಲು ಅವರ ಪಾಲಿನಿಂದ ಹೋದದ್ದು ಆ ಮೂವತ್ತಮೂರು ಸಾವಿರ. ಅದು ಇಳಿದ ಮೇಲೆ ಸಿಗಬೇಕಾದ ಅಗ್ಗದ ಸಾಲ ಮಿಲ್‌ಗೆ ಮುಟ್ಟಿತು, ಮೇಡಂಗೆ ಮುಟ್ಟಿತು, ಅಡತ್ ಅಂಗಡಿಯ ಬಾಗಿಲವರೆಗೂ ಬಂತು.

ಅವರು ಅವತ್ತು ಬಂದದ್ದು ರಾಶಿ ಮಷಿನ್ ಬಾಡಿಗೆಗೆ ಹತ್ತು ಸಾವಿರ ಕೇಳಲು. ಸೆಪ್ಟೆಂಬರ್ ಮಳೆಯಲ್ಲಿ ಅರ್ಧ ಹೊಲ ನೀರು ನಿಂತು ಹೋಗಿತ್ತು, ಉಳಿದದ್ದನ್ನಾದರೂ ಮನೆಗೆ ತರಬೇಕಲ್ಲ. ಸಾವ್ಕಾರರು ಖಾತೆ ತೆಗೆದು ಹೆಸರಿನ ಕೆಳಗೆ ತಾರೀಖು, ಮೊತ್ತ ಬರೆದರು. ಗಲ್ಲಾದಿಂದ ನೋಟು ಎಣಿಸಿ ಕೊಟ್ಟರು. ಬಡ್ಡಿ ಎಷ್ಟು ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ.