ದುಬೈಗೆ ಡಿಸ್ಟ್ರಿಬ್ಯೂಟರ್ ಹುಡುಕಲು ಹೊರಟಿದ್ದೇವೆ, ಮೇಳದಲ್ಲಿ ಸ್ಟಾಲ್ ಹಾಕಬೇಕೆ?

ಪ್ರಶ್ನೆ: ತುಮಕೂರಿನಲ್ಲಿ ಹುಣಸೆ ಪೇಸ್ಟ್, ರಾಗಿ ಮಾಲ್ಟ್, ಬಿಸಿಬೇಳೆ ಬಾತ್ ಪುಡಿ ತಯಾರಿಸುವ ಸಣ್ಣ ಘಟಕ ನಮ್ಮದು. ಬೆಂಗಳೂರಿನ ಅಂಗಡಿಗಳಲ್ಲಿ ಚೆನ್ನಾಗಿ ಹೋಗುತ್ತಿದೆ. ದುಬೈಯಲ್ಲಿ ಡಿಸ್ಟ್ರಿಬ್ಯೂಟರ್ ಬೇಕು. ಅಲ್ಲಿ ಪ್ರತಿ ವರ್ಷ ನಡೆಯುವ ಆಹಾರೋದ್ಯಮ ಮೇಳ ಗಲ್ಫುಡ್‌ನಲ್ಲಿ ಸ್ಟಾಲ್ ಹಾಕುವುದೋ, ಸುಮ್ಮನೆ ಹೋಗಿ ವಿಚಾರಿಸಿಕೊಂಡು ಬರುವುದೋ?

ಉತ್ತರ: ಮೊದಲ ಸಲಕ್ಕೆ ಸ್ಟಾಲ್ ಬೇಡ. ಸ್ಟಾಲಿನಲ್ಲಿ ನಿಂತವರು ಬಂದವರಿಗೆಲ್ಲ ರುಚಿ ತೋರಿಸಿ, ಒಂದು ರಾಶಿ ವಿಸಿಟಿಂಗ್ ಕಾರ್ಡ್ ಹಿಡಿದು ವಾಪಸಾಗುತ್ತಾರೆ. ದುಬೈಯ ಅಂಗಡಿಗಳಲ್ಲಿ ನಿಮ್ಮಂಥ ಸರಕು ಯಾವ ಬೆಲೆಗೆ ಹೋಗುತ್ತಿದೆ ಎಂದು ನೋಡಲು ಬಿಡುವೇ ಸಿಗದು. ಮೇಳದ ವಾರ ಹೋಟೆಲ್ ದುಬಾರಿ, ಆಮದುದಾರರೂ ತಮ್ಮ ಸ್ಟಾಲ್ ಬಿಟ್ಟು ಕದಲುವುದಿಲ್ಲ. ಮೇಳವೂ ರಂಜಾನ್ ತಿಂಗಳೂ ಅಲ್ಲದ ಒಂದು ವಾರ ಆರಿಸಿ. ಅಲ್ಲಿ ಶನಿವಾರ, ಭಾನುವಾರ ರಜೆ; ಶುಕ್ರವಾರ ಮಧ್ಯಾಹ್ನದ ಮೇಲೆ ಯಾರೂ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಟಿಕೆಟ್ ತೆಗೆಯುವ ಮುನ್ನ ಕಾಗದಪತ್ರ ಮುಗಿದಿರಬೇಕು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಲ್ಲಿ (ಡಿಜಿಎಫ್‌ಟಿ) 500 ರೂಪಾಯಿ ಕಟ್ಟಿ ಆಮದು–ರಫ್ತು ಕೋಡ್ (ಐಇಸಿ) ಪಡೆಯಿರಿ. ರಫ್ತಿಗೂ ಬೀಳುವ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, ಕಟ್ಟದೆ ಸರಕು ಕಳಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಡಿ, ಅದನ್ನು ಪ್ರತಿ ಹಣಕಾಸು ವರ್ಷ ಹೊಸದಾಗಿ ಕೊಡಬೇಕು. ಹುಣಸೆ ಕಾನೂನಿನ ಪ್ರಕಾರ ಸಾಂಬಾರ ಪದಾರ್ಥ, ಹಾಗಾಗಿ ಅದಕ್ಕೆ ಸ್ಪೈಸಸ್ ಬೋರ್ಡ್ ನೋಂದಣಿ, ರಾಗಿಗೆ ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಪ್ರಾಧಿಕಾರ ಅಪೇಡಾದ ನೋಂದಣಿ. ಒಂದೇ ಸೂರಿನಡಿ ತಯಾರಾದರೂ ದಾರಿ ಬೇರೆ ಬೇರೆ. ಪ್ರಯಾಣಕ್ಕೆ ಸಹಾಯಧನ ಕೊಡುವ ಯೋಜನೆ ಈಗ ಯಾವುದಿದೆ ಎಂದು ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರದಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಹೋಗುವ ಮೊದಲೇ ಕೇಳಿ.

ಎಡವುವುದು ಹೆಚ್ಚಾಗಿ ಬೆಲೆಯಲ್ಲಿ. ಕಾರ್ಖಾನೆ ಬಾಗಿಲಲ್ಲಿ 60 ರೂಪಾಯಿಯ ಒಂದು ಬಾಟಲಿ ಪೇಸ್ಟ್ ತೆಗೆದುಕೊಳ್ಳಿ. ರಫ್ತಿನ ರಟ್ಟಿನ ಡಬ್ಬ, ಬಂದರಿನವರೆಗೆ ಲಾರಿ, ಕ್ಲಿಯರಿಂಗ್, ಹಡಗು ಸೇರಿ 10 ರೂಪಾಯಿ ಎಂದುಕೊಂಡರೆ 70. ಅಲ್ಲಿ ಶೇ 5 ಸುಂಕ ಬಿದ್ದರೆ 73.50. ಆಮದುದಾರ ಶೇ 25 ಸೇರಿಸಿದರೆ 92, ಅಂಗಡಿಯವರು ಶೇ 30 ಸೇರಿಸಿದರೆ 120, ಮೇಲೆ ಶೇ 5 ವ್ಯಾಟ್; 126 ಆಯಿತು. ದಿರ್ಹಮ್‌ಗೆ 24 ರೂಪಾಯಿ ಹಿಡಿದರೆ ಐದೂಕಾಲು ದಿರ್ಹಮ್. ಪಕ್ಕದ ಬಾಟಲಿ ನಾಲ್ಕಕ್ಕೆ ಸಿಗುತ್ತಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿ ನಿಮ್ಮ ಸರಕಿನ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕು ಗುರುತಿಸುವ ಸಂಖ್ಯೆ) ಇದ್ದರೆ, ಸರಕು ಭಾರತದ್ದೇ ಎನ್ನುವ ಮೂಲ ಪ್ರಮಾಣಪತ್ರ ತೋರಿಸಿ ಸುಂಕ ತಪ್ಪಿಸಬಹುದು ಅಥವಾ ಇಳಿಸಿಕೊಳ್ಳಬಹುದು. ಬೆಲೆಪಟ್ಟಿ ಡಾಲರಿನಲ್ಲಿರಲಿ, ಎಫ್‌ಒಬಿ (ಇಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ) ಮತ್ತು ಸಿಐಎಫ್ (ವಿಮೆ, ಹಡಗು ಬಾಡಿಗೆ ಸೇರಿ ಅಲ್ಲಿನ ಬಂದರಿನವರೆಗಿನ ಬೆಲೆ) ಎರಡೂ ಕಾಣಲಿ, ಒಂದು ಡಬ್ಬದ ಅಳತೆ, ತೂಕ, ಬಾರ್‌ಕೋಡ್ ಕೂಡ ಇರಲಿ.

ಲೇಬಲ್‌ನಲ್ಲಿ ಅರಬ್ಬಿ ಕಡ್ಡಾಯ. ಅರಬ್ಬಿ ಸ್ಟಿಕ್ಕರ್ ನಡೆಯುತ್ತದೆ. ಆದರೆ ತಯಾರಿಕೆ ಮತ್ತು ಮುಗಿಯುವ ದಿನಾಂಕ ಪ್ಯಾಕಿನ ಮೇಲೇ ಮುದ್ರಣವಾಗಿರಬೇಕು, ಅವುಗಳ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಸರಕು ನಿಲ್ಲುತ್ತದೆ. ರಾಗಿ ಮಾಲ್ಟ್ ಪ್ಯಾಕಿನ ಮೇಲೆ ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂದಿದ್ದರೆ ಅದನ್ನು ಈಗಲೇ ತೆಗೆಯಿರಿ. ದುಬೈ ಪುರಸಭೆಯಲ್ಲಿ ಉತ್ಪನ್ನ ನೋಂದಾಯಿಸುವವರು ಅಲ್ಲಿನ ಪರವಾನಗಿ ಇರುವ ಆಮದುದಾರರೇ. ನಿಮ್ಮಿಂದ ಅವರು ಕೇಳುವುದು ಲೇಬಲ್ ವಿನ್ಯಾಸ, ಪದಾರ್ಥಗಳ ಶೇಕಡಾವಾರು, ಲ್ಯಾಬ್ ವರದಿ.

ಬಿಸಿಬೇಳೆ ಬಾತ್ ಪುಡಿಗೆ ಗಸಗಸೆ ಹಾಕುತ್ತೀರಾ? ಹಾಕುವುದಾದರೆ ಒಂದು ಪೊಟ್ಟಣವೂ ಬ್ಯಾಗಿನಲ್ಲಿ ಬೇಡ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುಗಳ ನಿಷೇಧದಡಿ ಬರುತ್ತದೆ, ಸಿಕ್ಕಿಬಿದ್ದರೆ ಜೈಲು. ಗಸಗಸೆ ಇಲ್ಲದ ಪುಡಿ ಮಾಡಿ, ಯಂತ್ರವನ್ನು ಪೂರ್ತಿ ತೊಳೆದ ಮೇಲೆಯೇ ಅದನ್ನು ಬೀಸಿ. ಪೇಸ್ಟ್ ಬಾಟಲಿಗಳು ಚೆಕ್‌ಇನ್ ಸಾಮಾನಿಗೆ. 100 ಮಿಲಿಗಿಂತ ದೊಡ್ಡದನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ.

ಅಲ್ಲಿ ಇಳಿದ ಮೊದಲ ದಿನ ಯಾರನ್ನೂ ಭೇಟಿಯಾಗಬೇಡಿ. ಕರಾಮಾ, ಮೀನಾ ಬಜಾರ್, ದೇರಾ ಕಡೆಯ ಭಾರತೀಯ ದಿನಸಿ ಅಂಗಡಿಗಳಿಗೆ ಹೋಗಿ ಹುಣಸೆ ಪೇಸ್ಟ್, ಮಾಲ್ಟ್ ಪೊಟ್ಟಣಗಳ ಹಿಂಬದಿ ತಿರುಗಿಸಿ ನೋಡಿ. ಆಮದುದಾರರ ಹೆಸರು ಅಲ್ಲೇ ಅಚ್ಚಾಗಿರುತ್ತದೆ. ಬೆಲೆಯ ಜೊತೆ ದಿನಾಂಕವನ್ನೂ ಬರೆದುಕೊಳ್ಳಿ; ಧೂಳು ಹಿಡಿದ ಹಳೆಯ ಸ್ಟಾಕ್ ಕಂಡರೆ ಆ ಆಮದುದಾರರನ್ನು ಕೈಬಿಡಿ. ದೊಡ್ಡ ಬ್ರಾಂಡ್ ಹಿಡಿದವರ ಗೋದಾಮಿನಲ್ಲಿ ನಿಮ್ಮ ಸರಕು ಮೂಲೆ ಸೇರುತ್ತದೆ. ಕರ್ನಾಟಕ, ಆಂಧ್ರದ ನಾಲ್ಕಾರು ಸಣ್ಣ ಬ್ರಾಂಡ್ ನಡೆಸುವ, ಸ್ವಂತ ವ್ಯಾನ್ ಇರುವ ಮಧ್ಯಮ ಆಮದುದಾರರೇ ನಿಮಗೆ ಸರಿ. ಭೇಟಿಯಲ್ಲಿ ಗೋದಾಮು ತೋರಿಸಿ ಎಂದು ಕೇಳಿ, ಹಿಂಜರಿದರೆ ಅನುಮಾನಪಡಿ.

‘ಇಡೀ ದೇಶಕ್ಕೆ ನಾವೊಬ್ಬರೇ’ ಎನ್ನುವ ಷರತ್ತು ಮೊದಲ ಭೇಟಿಯಲ್ಲೇ ಬರುತ್ತದೆ. ಒಪ್ಪಲೇಬೇಕಾದರೆ ಒಂದು ವರ್ಷ, ಒಂದು ಎಮಿರೇಟ್ (ದುಬೈಯಂಥ ಒಂದು ಪ್ರಾಂತ್ಯ) ಮಾತ್ರ, ಇಷ್ಟು ಡಬ್ಬ ಎತ್ತಲೇಬೇಕು ಎಂದು ಬರೆಸಿ. ಅಲ್ಲಿನ ಸರ್ಕಾರದಲ್ಲಿ ವಾಣಿಜ್ಯ ಏಜೆನ್ಸಿಯಾಗಿ ನೋಂದಾಯಿಸಲು ಸಹಿ ಹಾಕಬೇಡಿ, ಬಿಡಿಸಿಕೊಳ್ಳುವುದು ಕಷ್ಟ. ಬ್ರಾಂಡ್ ಹೆಸರನ್ನು ಅವರ ಹೆಸರಿನಲ್ಲಿ ನೋಂದಾಯಿಸಲು ಬಿಡಲೇಬೇಡಿ. ಒಂದೇ ಅರ್ಜಿಯಲ್ಲಿ ಹಲವು ದೇಶಗಳ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ವ್ಯವಸ್ಥೆಗೆ ಯುಎಇ 2021ರ ಕೊನೆಗೆ ಸೇರಿದೆ. ಇಲ್ಲಿನ ಟ್ರೇಡ್‌ಮಾರ್ಕ್ ಅರ್ಜಿಯ ಆಧಾರದ ಮೇಲೆ ಭಾರತದಿಂದಲೇ ಅಲ್ಲಿಗೂ ಅರ್ಜಿ ಹಾಕಬಹುದು.

ಮೊದಲ ಆರ್ಡರ್ ಇಡೀ ಕಂಟೇನರ್ ಆಗಬೇಕಿಲ್ಲ, ಒಂದೆರಡು ಪ್ಯಾಲೆಟ್ ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ, ಕಳಿಸಿ. ಮರದ ಪ್ಯಾಲೆಟ್ ಆದರೆ ಮರದಲ್ಲಿ ಕೀಟ ಇರದಂತೆ ಶಾಖ ಸಂಸ್ಕರಣೆ ಮಾಡಿದ್ದಕ್ಕೆ ಹಾಕುವ ಐಎಸ್‌ಪಿಎಂ 15 ಮುದ್ರೆ ಬೇಕು. ಅವರು 90 ದಿನ ಸಾಲ ಕೇಳುತ್ತಾರೆ. ನೀವು ಕೇಳಬೇಕಾದದ್ದು ಅರ್ಧ ಹಣ ಮುಂಗಡ, ಉಳಿದರ್ಧ ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಏರಿದ ರಸೀದಿ, ಸರಕು ಬಿಡಿಸಿಕೊಳ್ಳಲು ಬೇಕಾದ ಪತ್ರ) ನಕಲು ತೋರಿಸಿದಾಗ. ಮೂಲ ಪ್ರತಿ ಹಣ ಬಂದ ಮೇಲೆ. ಸಾಲ ಕೊಡುವ ಹಂತ ಬಂದರೆ ರಫ್ತಿನ ಸಾಲ ಮುಳುಗಿದರೆ ಪರಿಹಾರ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿಯೇ ಕೊಡಿ.