‘ಸಂಬಳ ನಿಂತೋಗೈತೆ’: ಹಿರಿಯರ ನೆರವಿಗೆ ಹೊರಡುವವರಿಗೊಂದು ಟಿಪ್ಪಣಿ

ಸಮಾಜಕಾರ್ಯದ ಕ್ಷೇತ್ರಕಾರ್ಯಕ್ಕೆಂದು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗುವ ನಾವು ಯೋಜನೆಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡಿರುತ್ತೇವೆ. ಹಿರಿಯರು ಆ ಹೆಸರುಗಳನ್ನು ಬಳಸುವುದೇ ಇಲ್ಲ; ಸರ್ಕಾರದಿಂದ ತಿಂಗಳಿಗೊಮ್ಮೆ ಬರುವ ಪಿಂಚಣಿಗೆ ಅವರು ಹೇಳುವುದು ‘ಸಂಬಳ’ ಎಂದೇ. “ಅಜ್ಜಿ, ನಿಮಗೆ ಸಂಧ್ಯಾ ಸುರಕ್ಷಾ ಬರುತ್ತಿದೆಯೇ?” ಎಂದರೆ “ಇಲ್ಲಪ್ಪ” ಎನ್ನುವವರೇ, “ಸಂಬಳ ಬರ್ತದಾ?” ಎಂದು ಕೇಳಿದಾಗ “ಬತ್ತಿತ್ತು, ಮೂರು ತಿಂಗ್ಳಿಂದ ನಿಂತೋಗೈತೆ” ಎನ್ನುತ್ತಾರೆ. ಮೊದಲ ಉತ್ತರವನ್ನು ನಂಬಿದರೆ ನಾವು ಹೊಸ ಅರ್ಜಿ ಬರೆಯಲು ಕೂರುತ್ತೇವೆ. ಆಗಬೇಕಾದ ಕೆಲಸವೆಂದರೆ ನಿಂತದ್ದೇಕೆಂದು ಹುಡುಕುವುದು.

2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ 65 ವರ್ಷ ತುಂಬಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಮೊದಲಾದವರಿಗಾಗಿ ಇದೆ. 2021ರಲ್ಲಿ ಇದರ ಮಾಸಾಶನ 1000 ರೂಪಾಯಿಯಿಂದ 1200ಕ್ಕೆ ಏರಿತು. ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ. ಹಣ ನಿಲ್ಲುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಂದ: ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮಮ್ಮ’ ಎಂದಿದ್ದರೆ ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿರುತ್ತದೆ, ಅಥವಾ ಪರಿಶೀಲನೆಯ ದಿನ ಅಜ್ಜಿ ಮಗಳ ಊರಿಗೆ ಹೋಗಿದ್ದರಿಂದ ‘ವಾಸವಿಲ್ಲ’ ಎಂದು ದಾಖಲಾಗಿರುತ್ತದೆ. ವರ್ಷಗಟ್ಟಲೆ ಹುಣಸೆಹಣ್ಣು ಬಡಿದು ಬೀಜ ಬಿಡಿಸಿದ ಬೆರಳುಗಳ ಗೆರೆಗಳು ಸವೆದುಹೋಗಿ, ಹೆಬ್ಬೆಟ್ಟಿನ ಯಂತ್ರ ಐದಾರು ಸಲವೂ ಒಪ್ಪದೆ ಹೋಗುವುದುಂಟು. ಅಂಥ ಹೊತ್ತಿನಲ್ಲಿ “ನಾಳೆ ಬನ್ನಿ” ಎಂಬ ಮಾತಿಗೆ ಎದ್ದು ಬಾರದೆ, ಬೇರೆ ಬೆರಳನ್ನೋ ಕಣ್ಣಿನ ಗುರುತನ್ನೋ ಬಳಸಬಹುದೇ ಎಂದು ವಿಚಾರಿಸಲು ಜೊತೆಗೊಬ್ಬರು ಇರಬೇಕು. ನನ್ನ ದೃಷ್ಟಿಯಲ್ಲಿ ನಮ್ಮ ಕೆಲಸದ ಮುಕ್ಕಾಲು ಪಾಲು ಇದೇ.

ಹಿರಿಯ ನಾಗರಿಕರ ಗುರುತಿನ ಚೀಟಿಗೆ ರಾಜ್ಯ ಸರ್ಕಾರದ ಆನ್‌ಲೈನ್ ತಾಣವಾದ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೂ ಹಿರಿಯರಿಗೂ ಯೋಜನೆಗಳು ತಲುಪಲು ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪರಿಚಯವನ್ನೂ ಮಾಡಿಕೊಂಡಿರಬೇಕು.

ಕಷ್ಟದ ವಿಷಯ ಮನೆಯೊಳಗಿನದು. ಮಕ್ಕಳು ನೋಡಿಕೊಳ್ಳದಿದ್ದರೆ, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಪಾವಗಡ, ಕೊರಟಗೆರೆ, ಶಿರಾ ಕಡೆಯವರಿಗೆ ಇದು ಮಧುಗಿರಿಯಲ್ಲಿ. ಜಮೀನು ದಾನವಾಗಿ ಬರೆದುಕೊಟ್ಟಾಗಿದೆ ಎಂದರೆ ಮೊದಲು ದಾನಪತ್ರವನ್ನೇ ತರಿಸಿ ಓದಬೇಕು, ಏಕೆಂದರೆ 23ನೇ ಕಲಂ ಪ್ರಕಾರ ಅದನ್ನು ರದ್ದುಪಡಿಸುವ ವಾದಕ್ಕೆ, ಜಮೀನು ಪಡೆದವರು ಅದನ್ನು ಕೊಟ್ಟ ಹಿರಿಯರನ್ನು ನೋಡಿಕೊಳ್ಳಬೇಕೆಂಬ ಷರತ್ತೇ ಮುಖ್ಯ ಆಧಾರ. ಆದರೆ ಬಹುತೇಕ ತಾಯಂದಿರು ಮಗನ ಮೇಲೆ ದೂರು ಕೊಡಲು ಒಪ್ಪುವುದಿಲ್ಲ. ಅವರನ್ನು ಒತ್ತಾಯಿಸುವ ಹಕ್ಕು ನಮಗಿಲ್ಲ. 14567 ಎಂಬ ಹಿರಿಯರ ಸಹಾಯವಾಣಿಗೆ ಅವರ ಎದುರಿನಲ್ಲೇ ಕರೆ ಮಾಡಿ, ಅವರೇ ಮಾತನಾಡುವಂತೆ ಫೋನು ಕೊಡುವುದು ಸೌಮ್ಯವಾದ ಆರಂಭ.

ಹೊರಡುವ ಮುನ್ನ ಯಾವ ಕಚೇರಿ, ಯಾವ ದಿನ, ಸ್ವೀಕೃತಿ ಸಂಖ್ಯೆ ಎಷ್ಟು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಓದುವುದು ಮೊಮ್ಮಕ್ಕಳೇ ಇರಬಹುದು, ಆದರೆ ಚೀಟಿ ಎಲೆ ಅಡಿಕೆಯ ಸಂಚಿಯಲ್ಲಿ ಅಜ್ಜಿಯ ಬಳಿಯೇ ಇರಲಿ.