ರಾಶಿ, ತೂಕ ಮತ್ತು ಪಿಯುಸಿಯ ಮೊದಲ ಎಂಟು ವಾರ

ಯಾದಗಿರಿ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಪ್ರತಿ ವರ್ಷವೂ ಎದುರಾಗುವ ನೋವು ಒಂದೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಮನೆಯವರನ್ನು ಒಪ್ಪಿಸಿ ವಿಜ್ಞಾನ ವಿಭಾಗಕ್ಕೆ ಬಂದ ತಾಂಡಾದ ಹುಡುಗಿ, ಇಂಗ್ಲಿಷ್ ಪಠ್ಯಪುಸ್ತಕ ಕೈಗೆ ಬಂದ ಕೆಲವೇ ವಾರಗಳಲ್ಲಿ ಹಿಂದಿನ ಬೆಂಚಿಗೆ ಸರಿದು, ಕೊನೆಗೆ ಕಲಾ ವಿಭಾಗಕ್ಕೆ ಹೋಗುತ್ತೇನೆಂದು ಕೇಳುತ್ತಾಳೆ.

ಅವಳಿಗೆ ವಿಜ್ಞಾನ ಬಾರದೆಂದಲ್ಲ. ಮೊದಲ ವಾರ ನಾನು ಹತ್ತನೆಯ ತರಗತಿಯ ಒಂದು ಲೆಕ್ಕ ಕೊಡುತ್ತೇನೆ: 12 ವೋಲ್ಟ್ ಬ್ಯಾಟರಿಗೆ 4 ಓಮ್ ರೋಧ ಜೋಡಿಸಿದರೆ ವಿದ್ಯುತ್ ಪ್ರವಾಹ ಎಷ್ಟು? ಕನ್ನಡದಲ್ಲಿ ಕೇಳಿದರೆ 3 ಆಂಪಿಯರ್ ಎಂಬ ಉತ್ತರ ಕೂಡಲೇ ಬರುತ್ತದೆ. ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆದರೆ ಪೆನ್ನು ನಿಲ್ಲುತ್ತದೆ. "ಸರ್, ರೋಧ ಅಂದ್ರ ರೆಸಿಸ್ಟೆನ್ಸೇನ್ರಿ? ಹಂಗಾದ್ರ ಇದು ನಮಗ ಬರ್ತದ್ರಿ" ಎಂದು ವಿದ್ಯಾರ್ಥಿನಿಯೊಬ್ಬಳು ಹೇಳಿದ ದಿನದಿಂದ ನಾನು ಪಾಠದ ಕ್ರಮವನ್ನೇ ಬದಲಿಸಿದೆ.

ಈಗ ಮೊದಲ ಎಂಟು ವಾರ ಪ್ರತಿ ಅಧ್ಯಾಯವನ್ನೂ ಕನ್ನಡದಲ್ಲಿ ಆರಂಭಿಸುತ್ತೇನೆ. ಜವಕ್ಕೆ ಸ್ಪೀಡ್, ವೇಗಕ್ಕೆ ವೆಲಾಸಿಟಿ, ವೇಗೋತ್ಕರ್ಷಕ್ಕೆ ಆಕ್ಸಲರೇಷನ್ ಎಂದು ಮಕ್ಕಳು ತಾವೇ ಎರಡು ಕಾಲಮ್ಮಿನ ನೋಟ್‌ಬುಕ್ ತುಂಬುತ್ತಾರೆ. ನಮ್ಮ ಕಡೆ ರಾಶಿ ಎಂದರೆ ಮೊದಲು ಕಣ್ಣಿಗೆ ಬರುವುದು ಕಣದಲ್ಲಿ ಬಿದ್ದ ತೊಗರಿ. ಪಠ್ಯದ ರಾಶಿಯನ್ನೂ, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣವನ್ನೂ, ಅಲ್ಲಿಂದಲೇ ಹಿಡಿಯಬಹುದು. 60 ಕಿಲೋ ತೊಗರಿಯ ಚೀಲವನ್ನು ಚಂದ್ರನಲ್ಲಿಟ್ಟರೆ ಅದರ ತೂಕ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಚೀಲದೊಳಗಿನ ಒಂದು ಕಾಳೂ ಕಡಿಮೆಯಾಗಿರುವುದಿಲ್ಲ. ಇಷ್ಟು ತಿಳಿದ ಮೇಲೆ ಮಾಸ್, ವೇಟ್ ಎಂಬ ಪದಗಳು ಅವರನ್ನು ಹೆದರಿಸುವುದಿಲ್ಲ.

ಮುಂದಿನ ಅವಕಾಶಗಳು ಇಲ್ಲವೆಂದೇನಲ್ಲ. 2012ರ ತಿದ್ದುಪಡಿಯಿಂದ ಬಂದ ಸಂವಿಧಾನದ 371 ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೂ ಪ್ರತ್ಯೇಕ ಮೀಸಲಾತಿಯಿದೆ. ಸರ್ಕಾರಿ ಶಾಲೆಯ ಎಂಟನೆಯ ತರಗತಿಯಲ್ಲೇ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಬರೆದು ಆಯ್ಕೆಯಾದ ಬಡ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಆದರೆ ಪ್ರಥಮ ಪಿಯುಸಿಯಲ್ಲೇ ವಿಜ್ಞಾನ ಬಿಟ್ಟವಳಿಗೆ ಎಂಜಿನಿಯರಿಂಗಿನ ಆ ಸೀಟು ಎಟುಕುವುದಿಲ್ಲ.

ಈ ಸೇತುಬಂಧವನ್ನು ಬೇಸಿಗೆ ರಜೆಯಲ್ಲೇ ಮುಗಿಸಬಹುದಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಯಾರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕೋ ಆ ಮಕ್ಕಳು ಏಪ್ರಿಲ್, ಮೇ ತಿಂಗಳಲ್ಲಿ ತಂದೆತಾಯಿಯರೊಡನೆ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ. ಆದ್ದರಿಂದ ಇದು ಕಾಲೇಜಿನ ವೇಳಾಪಟ್ಟಿಯೊಳಗೇ, ಎಲ್ಲರೂ ಹಾಜರಿರುವ ಅವಧಿಯಲ್ಲೇ ನಡೆಯಬೇಕು.